ಮುರುಗಪ್ಪನವರೂ ರುಧಿರಕೇತುವಿನ ಮರುಹುಟ್ಟೂ

"ಈ ಸಲ ಕಣ್ಣು ಮಿಟುಕಿಸಿದ್ರೆ ನನ್ನ ಹೆಸರು ಮುರುಗಪ್ಪನೇ ಅಲ್ಲ!"

ಹೊಸದುರ್ಗದ ಕಂಬಳಿ ವ್ಯಾಪಾರಿ ಮುರುಗಪ್ಪನವರು ಹೀಗೆ ಗುಡುಗಿದ್ದು ತಮ್ಮ ಮನೆಯ ಜಗಲಿಯ ಮೇಲೆ, ಹತ್ತು ಜನರೆದುರು. ಆ ಜಗಲಿ ಅಂತಿಂಥದ್ದಲ್ಲ! ಊರಿಗೆ ನಾಟಕದವರು ಬಂದರೆ ಮೊದಲ ಆಟದ ಮಾರನೆಯ ಬೆಳಿಗ್ಗೆ ಜನವೆಲ್ಲ ಅಲ್ಲಿ ಸೇರಬೇಕು. ಮುರುಗಪ್ಪನವರು ಗಾದಿಯ ಮೇಲೆ ಕೂತು, ಎಲೆಯಡಿಕೆ ಜಗಿದು "ನೋಡಬಹುದು" ಎಂದರೆ ಡೇರೆ ತುಂಬಿತು. "ಮಲಗಬಹುದು" ಎಂದರೆ ಡೇರೆ ಕಿತ್ತಂತೆಯೇ. ಅಮಲ್ದಾರರ ಹುಕುಮಿಗಾದರೂ ಮೇಲರ್ಜಿ ಉಂಟು, ಇದಕ್ಕಿಲ್ಲ.

ಹೋದ ವರ್ಷ ಗುಡ್ಡಪ್ಪನ ಕಂಪನಿ 'ರುಧಿರಕೇತು ವಧೆ' ಆಡಿ ರಕ್ತದ ಕಾಲುವೆ ಹರಿಸಿದಾಗ "ಭೇಷ್! ನೋಡಬಹುದು" ಅಂದಿದ್ದರು. ಆದರೆ ರಾಕ್ಷಸನ ತಲೆ ಉರುಳಿದಲ್ಲಿಂದ ಮಂಗಳ ಹಾಡುವ ತನಕ ಅವರು ನೋಡಿದ್ದು ತಮ್ಮ ಕಂಬಳಿಯ ಒಳಮೈಯನ್ನು ಮಾತ್ರ! ಈ ಗುಟ್ಟು ಅವರಿಗೂ ಕಂಬಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಗ ಅದೇ ಗುಡ್ಡಪ್ಪ 'ರುಧಿರಕೇತುವಿನ ಮರುಹುಟ್ಟು' ಹೊತ್ತುಕೊಂಡು ಬಂದಿದ್ದ.

"ಹೆದರಿದ್ರೆ?" ಎಂದು ಕೇಳಿದ ಬೆಲ್ಲದ ವ್ಯಾಪಾರಿ ಕಾಟಲಿಂಗಪ್ಪ. ಅವನಿಗೆ ಆ ಗಾದಿಯ ಮೇಲೆ ಬಹಳ ದಿನದಿಂದ ಕಣ್ಣು.

"ಹೆದರಿದ್ರೆ ಗಾದಿ ನಿಂದು ಕಣಪ್ಪ! ಇನ್ಮೇಲೆ ನೀನೇ ಕುಂತು ತೀರ್ಪು ಹೇಳು!"

ಮಾತು ಬಾಯಿ ದಾಟಿದ್ದೇ ತಡ, ಮುರುಗಪ್ಪನವರು ಗಾದಿಯಿಂದೆದ್ದರು. ಒಳಗೆ ಹೋದರೆ ಹೆಂಡತಿ ಪಾರ್ವತಮ್ಮ ಇನ್ನೊಂದು ಬಾಂಬು ಹಾಕಿದರು.

"ಈ ಸಲ ನಾನೂ ಬರ್ತೀನಿ ಕಣ್ರೀ."

"ಹೆಂಗಸ್ರು ನೋಡೋ ಆಟ ಅಲ್ಲ ಕಣೇ ಅದು! ಎದೆ ಒಡ್ಕಂಡೀಯ!"

"ಧೈರ್ಯಕ್ಕೆ ನೀವು ಅದೀರಲ್ಲ!"

ರಾತ್ರಿ ಡೇರೆಯಲ್ಲಿ ಗಂಡಸರ ಮೊದಲ ಸಾಲಲ್ಲಿ ಮುರುಗಪ್ಪನವರು, ಪರದೆಯಾಚೆ ಹೆಂಗಸರ ನಡುವೆ ಪಾರ್ವತಮ್ಮ. ರುಧಿರಕೇತು ನೆಲದಿಂದೆದ್ದ. ಎದ್ದವನು ತನ್ನ ತಲೆಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡಿದ್ದ! ಮಂತ್ರಿಯ ಹೊಟ್ಟೆಗೆ ಕೈ ಹಾಕಿ ಮಾರುಗಟ್ಟಲೆ ಕರುಳು ಎಳೆದ. ಅದು ಕುರಿಯದೆಂದು ಮುರುಗಪ್ಪನವರಿಗೆ ಗೊತ್ತಿತ್ತು, ಅವರ ಹೊಟ್ಟೆಗೆ ಗೊತ್ತಿರಲಿಲ್ಲ. ಚರ್ಮದ ಚೀಲದಿಂದ ರಕ್ತ ಚಿಮ್ಮಿ ಒಂದು ಹನಿ ನೇರ ಬಂದು ಅವರ ಮೂಗಿನ ಮೇಲೆ ಕೂತಿತು. ಅಷ್ಟೇ! ಕಡುಬೇಸಿಗೆಯಲ್ಲಿ ಕಂಬಳಿ ತಲೆಯ ಮೇಲೇರಿತು. "ಯಾಕೋ ಚಳಿ" ಎಂದು ಪಕ್ಕದವನಿಗೆ ಹೇಳಿ ಒಳಗೇ ಬೆವರುತ್ತಾ ಕೂತರು. ಕಾಟಲಿಂಗಪ್ಪನ ಕಣ್ಣಿಗೆ ಬೀಳಲಿಲ್ಲ, ಶಿವ ದೊಡ್ಡವನು.

ಬೆಳಿಗ್ಗೆ ಎದ್ದಾಗ ಹೊಸ ಗಂಡಾಂತರ. ಜಗಲಿ ತುಂಬಿದೆ, ತೀರ್ಪು ಹೇಳಬೇಕು, ಆದರೆ ಆಟದ ಕೊನೆ ಏನೆಂದೇ ಗೊತ್ತಿಲ್ಲ! ಮೆಲ್ಲಗೆ ಅಡುಗೆಮನೆಗೆ ಹೋದರು.

"ಪಾರ್ವತಿ, ಕೊನೆಗೆ ರಾಕ್ಷಸ ಸತ್ತ ರೀತಿ ನಿನಗೆ ಹಿಡಿಸ್ತಾ?"

"ನೀವೇ ಮುಂದಿನ ಸಾಲಲ್ಲಿ ಕುಂತಿದ್ರಲ್ಲ, ನನ್ನೇನು ಕೇಳ್ತೀರಿ?" ಎಂದ ಪಾರ್ವತಮ್ಮ ಅತ್ತ ತಿರುಗಿ ಅರಿಶಿನದ ಡಬ್ಬಿ ತೆಗೆದರು. "ನಿದ್ದೇಲಿ ಮೂರು ಸಲ ಕಿರುಚಿದ್ರಿ. ಊರಿನ ಕಣ್ಣೆಲ್ಲ ನಿಮ್ಮ ಮೇಲೇ ಐತೆ. ದೃಷ್ಟಿ ತೆಗೀಬೇಕು."

ಕೊನೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಹೊರಗೆ ಬಂದು, ಬಾಗಿಲಿಗೆ ಬೆನ್ನು ಹಾಕಿ ಗಾದಿ ಏರಿದರು. ಎದುರಿಗೆ ಗುಡ್ಡಪ್ಪ ಕೈಕಟ್ಟಿ ನಿಂತಿದ್ದ. ಗೊತ್ತಿಲ್ಲದ ಆಟವನ್ನು ಹೊಗಳಿದರೆ ಪ್ರಶ್ನೆಗಳು ಬರುತ್ತವೆ. ತೆಗಳುವುದೇ ಕ್ಷೇಮ!

"ಸಪ್ಪೆ!" ಎಂದರು ಮುರುಗಪ್ಪನವರು.

ಗುಡ್ಡಪ್ಪನ ಮುಖ ಬಿಳಿಚಿತು. "ಹಂಗನ್ಬ್ಯಾಡ್ರಿ ಸಾವ್ಕಾರ್ರೇ, ಹದಿನೆಂಟು ಜನದ ಹೊಟ್ಟೆಪಾಡು!"

"ಹೋದ ವರ್ಷದವನು ರಾಕ್ಷಸ. ಇವನು ಆ ರಾಕ್ಷಸನ ಎಮ್ಮೆ ಕಾಯೋನು! ನನಗೆ ನಿದ್ದೆ ಬಂದು ಕಂಬಳಿ ಹೊದ್ದು ಮಲಗಿಬಿಟ್ಟೆ. ರಕ್ತವಂತೆ ರಕ್ತ! ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗ್ತೈತೆ, ನಮ್ಮ ಮನೆಯವಳೂ ಮಾಡ್ತಾಳೆ. ಅದಕ್ಕೆ ಹೆದರೋನು ಗಂಡಸಾ?"

ಜನ ತಲೆದೂಗಿದರು. ಕಾಟಲಿಂಗಪ್ಪ ಹಲ್ಲು ಕಚ್ಚಿದ. ಮುರುಗಪ್ಪನವರು "ಮಲಗಬಹುದು" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಕಿವಿಯ ಪಕ್ಕ ಏನೋ ತುಳುಕಿತು. ತಿರುಗಿದರೆ ಮೂಗಿನ ತುದಿಗೇ ತಟ್ಟೆ ತುಂಬ ಕೆಂಪು, ದಪ್ಪ ರಕ್ತ!

"ಅಯ್ಯಯ್ಯೋ! ಎದ್ದು ಬಂದ! ಮತ್ತೆ ಎದ್ದು ಬಂದ! ತಲೆ ತಗಂಡು ಬಂದ!"

ಗಾದಿ ಒಂದು ಕಡೆ, ಪೇಟ ಒಂದು ಕಡೆ. ಮುರುಗಪ್ಪನವರು ಪಾರ್ವತಮ್ಮನವರನ್ನು ದಾಟಿ ನಡುಮನೆಗೆ ಹಾರಿ, ಪೇರಿಸಿಟ್ಟ ನಲವತ್ತು ಕಂಬಳಿಗಳ ಅಡಿಗೆ ನುಗ್ಗಿ ಮಾಯವಾದರು! ಪಾರ್ವತಮ್ಮ ತಟ್ಟೆ ಹಿಡಿದು ನಿಂತೇ ಇದ್ದರು. "ದೃಷ್ಟಿ ತೆಗೆಯಾಣ ಅಂತ ಬಂದೆ ಕಣ್ರಪ್ಪ" ಎಂದರು ಪಾಪ.

ಆಮೇಲೆ ಕಾಟಲಿಂಗಪ್ಪ ಎದ್ದ, ಗಾದಿಯನ್ನು ನೆಟ್ಟಗೆ ಮಾಡಿದ, ಕೂತ, ಎಲೆಯಡಿಕೆ ತಟ್ಟೆ ಎಳೆದುಕೊಂಡ. "ನೋಡಬಹುದು" ಎಂದ.

ಗುಡ್ಡಪ್ಪ ಓಡಿಹೋಗಿ ತಮಟೆ ಹೊಡೆಸಿಯೇಬಿಟ್ಟ: "ನೋಡಿದ ಮಾರನೇ ಬೆಳಿಗ್ಗೆ ಮುರುಗಪ್ಪ ಸಾವ್ಕಾರ್ರು ಕಿರುಚಿದ ನಾಟಕ! ಬರ್ರಿ, ಬರ್ರಿ!" ಪಕ್ಕದೂರು ಮತ್ತೋಡಿನಿಂದಲೂ ಗಾಡಿ ಕಟ್ಟಿಕೊಂಡು ಜನ ಬರಲು ಹೊರಟರು.

ಮಧ್ಯಾಹ್ನವಾದರೂ ಕಂಬಳಿಯ ರಾಶಿ ಅಲುಗಲಿಲ್ಲ. ಪಾರ್ವತಮ್ಮ ಊಟಕ್ಕೆ ಕರೆದಾಗ ಒಳಗಿನಿಂದ ಕ್ಷೀಣ ದನಿ ಬಂತು.

"ಗಾದಿ ಹೋತು, ಮಾನ ಹೋತು. ಈಗಲಾದ್ರೂ ಹೇಳೇ ಪಾರ್ವತಿ, ಕೊನೆಗೆ ಅವನು ಸತ್ತನಾ ಇಲ್ವಾ?"

"ನನಗೇನು ಗೊತ್ತು ಕಣ್ರೀ?" ಎಂದರು ಪಾರ್ವತಮ್ಮ. "ಅವನು ಎದ್ದಾಗ ಸೆರಗು ಮುಚ್ಕಂಡೋಳು, ಮನೆ ಬಾಗ್ಲಿಗೆ ಬಂದ ಮೇಲೇ ತೆಗೆದಿದ್ದು!"