ಮಾವನ ತೊಂಬತ್ತು ವೋಲ್ಟು

ನಮ್ಮ ಸೋದರಮಾವನಿಗೆ ಹುಚ್ಚು ಎಂದರೆ ಹುಚ್ಚರಿಗೆ ಅನ್ಯಾಯವಾಗುತ್ತದೆ. ಅವರಿಗೆ ಅಮಾವಾಸ್ಯೆ-ಹುಣ್ಣಿಮೆಗಷ್ಟೇ ಕೆರಳುತ್ತದಂತೆ. ಮಾವನಿಗೆ ಕರೆಂಟು ಹೋದಾಗಲೆಲ್ಲ ಕೆರಳುತ್ತಿತ್ತು. ಎಂಬತ್ತರ ದಶಕದ ಅಕ್ಕಿಆಲೂರಿನಲ್ಲಿ ಕರೆಂಟು ಇರುತ್ತಿದ್ದುದಾದರೂ ಯಾವಾಗ ಹೇಳಿ!

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ. ಕೊರಳಲ್ಲಿ ಮಾತ್ರ ಸದಾ ವೋಲ್ಟ್ ಮೀಟರು. ನನಗೆ ಕನ್ಯೆ ನೋಡಲು ಶಿಗ್ಗಾಂವಿಗೆ ಹೋದಾಗ, ಹುಡುಗಿ ಅವಲಕ್ಕಿ ತರುವುದರೊಳಗೆ ಅವರ ಗೋಡೆಯ ಪ್ಲಗ್ಗಿಗೆ ಮೀಟರಿನ ಕಡ್ಡಿ ಚುಚ್ಚಿ, ನಾಡಿ ನೋಡಿದ ವೈದ್ಯನಂತೆ, "ನಿಮ್ಮನ್ಯಾಗ ನೂರಾ ಅರವತ್ತ ವೋಲ್ಟ ಐತ್ರಿ, ಭಾಳ ಅಶಕ್ತ" ಎಂದುಬಿಟ್ಟ. ಹುಡುಗಿಯ ತಂದೆ ತಪ್ಪು ತಮ್ಮದೇ ಎಂಬಂತೆ ಕೈಮುಗಿದರು. ಸಂಬಂಧ ಕೂಡಿತು ನಿಜ. ಆದರೆ ಹೆಂಡತಿ ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಲಾರಿಯ ಬ್ಯಾಟರಿಯಿಂದ ಮನೆಗೆ ಬೆಳಕು ಕೊಡುವ ಯಂತ್ರ ಮಾಡುವುದು ಅವನ ಹಟ. ಪೆಟ್ಟಿಗೆಗೆಂದು ಅತ್ತೆಯ ಸಂಡಿಗೆ ಡಬ್ಬಿಯನ್ನೇ ಎತ್ತಿಕೊಂಡಿದ್ದ. ಒಳಗೆ ಎರಡು ಟ್ರಾನ್ಸಿಸ್ಟರು, ಮೇಲೊಂದು, ಕೆಳಗೊಂದು. ಪಾಳಿ ಪ್ರಕಾರ ಒಂದು ದುಡಿಯುವಾಗ ಇನ್ನೊಂದು ಸುಮ್ಮನಿರಬೇಕು. ಎರಡೂ ಕೂಡಿ ಎದ್ದವೋ, ಢಂ! "ಥೇಟ್ ನಾನೂ ನಿಮ್ಮತ್ತಿನೂ ಇದ್ದಂಗ" ಎನ್ನುತ್ತಿದ್ದ ಮಾವ. ಸುಳ್ಳಲ್ಲ. ಅವರ ಜಗಳವೂ ಪಾಳಿ ತಪ್ಪುತ್ತಿರಲಿಲ್ಲ. ಅವನೊಂದು ಅಂದರೆ ಇವಳೊಂದು, ಮುಂಜಾನೆಯಿಂದ ಸಂಜೆತನಕ.

ಆದರೆ ಯಂತ್ರದಿಂದ ಇನ್ನೂರಾ ಮೂವತ್ತು ವೋಲ್ಟು ಬರಬೇಕಾದಲ್ಲಿ ಬರುತ್ತಿದ್ದುದು ತೊಂಬತ್ತು! ಬಲ್ಬು ಬೀಡಿಯ ತುದಿಯಷ್ಟು ಕೆಂಪಗಾಗಿ ಸುಮ್ಮನಾಗುತ್ತಿತ್ತು. ಮಾವ ಮೇಲಿನ ಟ್ರಾನ್ಸಿಸ್ಟರು ಬದಲಿಸಿದ, ಅದನ್ನು ಎಬ್ಬಿಸುವ ಭಾಗವನ್ನೂ ಬದಲಿಸಿದ. ಮತ್ತೆ ತೊಂಬತ್ತೇ. ಕೆಳಗಿನದನ್ನೂ ನೋಡಬಾರದೇ ಎಂದು ನಾನು ಕೇಳಿದರೆ, "ಅದಕ್ಕೇನ ಆಗ್ತೈತಿ? ನೆಲಾ ಹಿಡ್ಕೊಂಡ ಕುಂತೈತಿ" ಎಂದ.

ಅದೇ ಹೊತ್ತಿಗೆ ಅತ್ತೆಯ ದನಿ ಒಡೆಯತೊಡಗಿತ್ತು. ತನಗೇನಾಗುತ್ತದೆ ಎಂದು ಅವಳೂ ಅಂದಳು, ನಾವೂ ಹಾಗೇ ಅಂದುಕೊಂಡೆವು. ಕಡೆಗೆ ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಬೆಳೆದಿದ್ದ ಗಂಟು ತೆಗೆದರು. ತಿಂಗಳೊಪ್ಪತ್ತು ತುಟಿ ಬಿಚ್ಚಬಾರದು, ಆಮೇಲೂ ದನಿ ಮರಳುವ ಖಾತ್ರಿ ಇಲ್ಲ ಎಂದರು.

ಮನೆ ತಣ್ಣಗಾಯಿತು. ಆಶ್ಚರ್ಯವೆಂದರೆ ಮಾವನೂ ಸುಮ್ಮನಾದ! ಒಂದು ಮಾತಾಡಿ ಉತ್ತರಕ್ಕೆ ಕಾಯುತ್ತಿದ್ದ. ಉತ್ತರ ಬಾರದಿದ್ದರೆ ಎರಡನೆಯ ಮಾತು ಹುಟ್ಟುತ್ತಲೇ ಇರಲಿಲ್ಲ. ಊಟ ಅರ್ಧಕ್ಕಿಳಿಯಿತು. ಮೀಟರು ಗೂಟಕ್ಕೆ ಸೇರಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡಾಕ್ಟರು ಹೇಳಿದ ಗಡುವು ಮುಗಿದ ಮಧ್ಯಾಹ್ನ ಅವರ ಮನೆಗೆ ಹೋದರೆ ಯಂತ್ರದ ಬಲ್ಬು ಝಗ್ಗನೆ ಉರಿಯುತ್ತಿತ್ತು. ಪೂರಾ ಇನ್ನೂರಾ ಮೂವತ್ತು! ನಾನು ಕುಣಿಯುವುದೊಂದು ಬಾಕಿ. ಮಾವನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

"ದೋಷ ಕೆಳಗಿಂದ್ರಾಗ ಇತ್ತಪಾ. ಅದು ತನ್ನ ಪಾಳಿ ದುಡದ್ರನ ಮ್ಯಾಲಿಂದಕ್ಕ ಏಳೂ ಶಕ್ತಿ ತುಂಬತೈತಿ. ನಾ ಒಮ್ಮಿನೂ ಅದನ್ನ ಮುಟ್ಟಿ ನೋಡಲಿಲ್ಲ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಬಲ್ಬು ನೋಡಿದಳು, ಮಾವನನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಾಗ ತೆಳ್ಳಗೆ, ಒರಟಾಗಿ ದನಿ ಬಂತು.

"ನನ್ನ ಸಂಡಿಗಿ ಡಬ್ಬಿ ಯಾವಾಗ ಕೊಡ್ತೀರಿ?"

ಈಗ ಮಾವನ ಪಾಳಿ. ಕಣ್ಣು ತುಂಬಿ ಬಂದಿದ್ದವು. ಬ್ಯಾಟರಿಯ ತಂತಿ ಕಿತ್ತು, ವರ್ಷಗಟ್ಟಲೆ ಮಾಡಿದ ಯಂತ್ರವನ್ನು ಡಬ್ಬಿಯಿಂದ ನೆಲಕ್ಕೆ ಸುರುವಿ, ಧೋತರದ ಚುಂಗಿನಿಂದ ಡಬ್ಬಿಯನ್ನು ಒರೆಸುತ್ತ ಕುಳಿತ.