ಭಾವನ ಮನೆಯ ಮೌನಿ ಕಂಪ್ಯೂಟರ್

ನಮ್ಮ ಭಾವನ ಮನೆಯಲ್ಲಿ ಸದ್ದು ಮಾಡದ ವಸ್ತುವೇ ಇಲ್ಲ. ಫ್ರಿಜ್ಜಿನ ಬಾಗಿಲನ್ನು ಅರೆಗಳಿಗೆ ತೆರೆದಿಟ್ಟರೆ ಅದು ರಾಗ ಎಳೆಯುತ್ತದೆ. ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿದ ಖುಷಿಗೆ ಹಾಡೇ ಹೇಳುತ್ತದೆ. ಅಕ್ಕ ಸಾರಿಗೆ ಒಗ್ಗರಣೆ ಕೊಟ್ಟಳೆಂದರೆ ಸೂರಿನ ಸ್ಮೋಕ್ ಅಲಾರಂ ಡಲ್ಲಾಸ್ ಪಕ್ಕದ ಈ ಕ್ಯಾರಲ್ಟನ್ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತದೆ. ಇಂಥ ಮನೆಯಲ್ಲಿ ಮೌನವ್ರತ ಹಿಡಿದು ಕೂತಿರುವುದು ಒಂದೇ ಒಂದು, ಭಾವನ ಕಂಪ್ಯೂಟರ್!

ಭಾವ ಎಂದರೆ ನನ್ನ ಅಕ್ಕನ ಗಂಡ. ಧಾರವಾಡದವರು. ಹಗಲೆಲ್ಲ ಪಕ್ಕದೂರು ಫಾರ್ಮರ್ಸ್ ಬ್ರಾಂಚಿನ ಆಫೀಸಿನಲ್ಲಿ, ಕಂಪನಿ ಕೊಟ್ಟ ಕಂಪ್ಯೂಟರಿನ ಮುಂದೆ ವಿಧೇಯರಾಗಿ ದುಡಿಯುತ್ತಾರೆ. ಮನೆಗೆ ಬಂದು ಶೂ ಬಿಚ್ಚಿದರೋ, ಲಿನಕ್ಸ್ ಭಕ್ತರು. ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ, ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಅವರೇ ನನಗೆ ಹೇಳಿಕೊಟ್ಟದ್ದು. ತೊಂದರೆ ಏನೆಂದರೆ, 'ಬಿಚ್ಚಿ ನೋಡಬಹುದು' ಎಂಬುದನ್ನು ಭಾವ 'ಬಿಚ್ಚಲೇಬೇಕು' ಎಂದು ತಿಳಿದುಕೊಂಡಿದ್ದಾರೆ.

ಅವರ ಕಂಪ್ಯೂಟರಾದರೂ ಎಂಥದ್ದು? ಯಾರೋ ಕಸದ ಗಾಡಿಗೆಂದು ರಸ್ತೆಯಂಚಿನಲ್ಲಿ ಇಟ್ಟು ಹೋಗಿದ್ದು. ಅಕ್ಕನ ಜೊತೆ ತರಕಾರಿ ಕೊಂಡು ಮರಳುತ್ತಿದ್ದ ಭಾವ ಕಾರು ನಿಲ್ಲಿಸಿ ಅದನ್ನು ಎತ್ತಿಕೊಂಡು ಬಂದರು. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟನ್ನೂ ಹಾಕಿದರು. ಆ ಸೀಟಿನಲ್ಲಿ ಅದುವರೆಗೆ ಕೂತಿದ್ದ ನಮ್ಮ ಅಕ್ಕ ಕೊತ್ತಂಬರಿ ಕಟ್ಟುಗಳ ಜೊತೆ ಹಿಂದಿನ ಸೀಟಿಗೆ ಹೋದಳು!

ಭಾವ ಅದಕ್ಕೆ ಲಿನಕ್ಸ್ ಹಾಕಿದರು. ಪರದೆ ಬಂತು, ಇಂಟರ್ನೆಟ್ ಬಂತು, ಪ್ರಿಂಟರ್ ಕೂಡ ಮರುಮಾತಾಡದೆ ಬಂತು. ಸದ್ದು ಮಾತ್ರ ಬರಲಿಲ್ಲ.

"ಸದ್ದು ಹುಟ್ಟಲಿಕ್ಕತ್ತದೋ. ಆದ್ರ ಹೊರಗ ಬರೋ ಬಾಗಲಾ ಸಿಗವಲ್ತು ಅದಕ್ಕ" ಎಂದು ಭಾವ ನನಗೆ ವಿವರಿಸಿದರು.

"ಹಾಗಾದ್ರೆ ಎಲ್ಲಿಗೆ ಹೋಗ್ತಿದೆ ಭಾವ?"

"ಈ ಮಾನಿಟರ್‌ಗೆ ಹೋಗ್ತದ."

"ಮಾನಿಟರ್‌ಗೆ ಸ್ಪೀಕರೇ ಇಲ್ಲವಲ್ಲ!"

"ಅದು ನಿನಗ ಗೊತ್ತು, ನನಗ ಗೊತ್ತು. ಪಾಪ, ಅದಕ್ಕೇನು ಗೊತ್ತು?" ಎಂದರು, ಶಾಲೆಗೆ ಹೊಸದಾಗಿ ಸೇರಿದ ಕೂಸಿನ ವಿಷಯ ಹೇಳುವವರ ಹಾಗೆ.

ಆಸ್ಟಿನ್ನಿನಲ್ಲಿ ಕೆಲಸದಲ್ಲಿರುವ ಅವರ ಮಗಳು, ಭಾವ ಫೋನಿನಲ್ಲಿ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು. "ಪಪ್ಪಾ, ಜಸ್ಟ್ ಬೈ ಎ ನ್ಯೂ ಒನ್!" ಭಾವನ ಮುಖ ನೋಡಬೇಕಿತ್ತು. ಮನೆದೇವರನ್ನು ಬದಲಾಯಿಸು ಎಂದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ.

ಕೊನೆಗೂ ಸದ್ದು ಹೊರಬಂದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಬಂದದ್ದು ಮಾತ್ರ ಕಂಪ್ಯೂಟರಿನಿಂದಲ್ಲ! ಅಕ್ಕ ಅರಿಶಿನ ಕುಂಕುಮಕ್ಕೆ ಕರೆದಿದ್ದ ಹೆಂಗಸರೆಲ್ಲ ಕೆಳಗಿನ ಹಾಲಿನಲ್ಲಿ ಜಮಖಾನೆಯ ಮೇಲೆ ಕೂತಿದ್ದರು. ಪ್ಲೇಟು ಜೋಡಿಸುವ ಕೆಲಸ ನನ್ನದು. ಭಾವ ಮಹಡಿಯ ಕೋಣೆಯಲ್ಲಿ ಸದ್ದಿಗೆ ಬಾಗಿಲು ಹುಡುಕುತ್ತಿದ್ದರು. ಹುಡುಕುತ್ತಾ ಹುಡುಕುತ್ತಾ ಬ್ಲೂಟೂತಿನ ಬಾಗಿಲು ತೆರೆದುಬಿಟ್ಟಿದ್ದಾರೆ. ಸದ್ದು ನೇರವಾಗಿ ಬಂದು ತಲುಪಿದ್ದು ಹಾಲಿನ ಶೆಲ್ಫಿನಲ್ಲಿದ್ದ ಸ್ಪೀಕರಿಗೆ. ಸ್ಪೀಕರ್ ಪರೀಕ್ಷೆ ಮಾಡಲು ಲಿನಕ್ಸಿನಲ್ಲಿ ಒಬ್ಬ ಹೆಂಗಸಿನ ದನಿ ಇದೆ. ಆ ದನಿ ಕಲಶದ ಹಿಂದಿನಿಂದ ಗಂಭೀರವಾಗಿ ನುಡಿಯಿತು: "ಫ್ರಂಟ್ ಲೆಫ್ಟ್."

ಮುಂದಿನ ಸಾಲಿನಲ್ಲಿ ಎಡಗಡೆ ಕೂತಿದ್ದ ಆಂಟಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಫ್ರಂಟ್ ರೈಟ್."

ಬಲಗಡೆಯ ಆಂಟಿಯೂ ಎದ್ದರು. ತಾಂಬೂಲ ಕೊಡಲು ಅಮೆರಿಕದ ಪದ್ಧತಿಯಲ್ಲಿ ಹೀಗೆ ಸಾಲಾಗಿ ಕರೆಯುತ್ತಾರೆ ಎಂದುಕೊಂಡರೋ ಏನೋ! ಅಷ್ಟರಲ್ಲಿ ದನಿ ಮತ್ತೆ "ಫ್ರಂಟ್ ಲೆಫ್ಟ್" ಎಂದಿತು. ಹಿಂದಿನ ಸಾಲಿನಲ್ಲಿ ಅಸಮಾಧಾನ ಶುರುವಾಯಿತು. "ಮುಂದಿನವರನ್ನೇ ಎರಡೆರಡು ಸಲ ಕರೀತಾರೆ, ನಮ್ಮನ್ನ ಯಾವಾಗ ಕರಿಯೋದು?"

ಅಕ್ಕ ಮೆಟ್ಟಿಲು ಹತ್ತಿ ಹೋಗಿ ಕೂಗಿದಳು. "ರೀ, ನಿಮ್ಮ ಹೆಂಗಸು ಕೆಳಗೆ ನನ್ನ ಅತಿಥಿಗಳನ್ನೆಲ್ಲ ಎಬ್ಬಿಸಿ ನಿಲ್ಲಿಸ್ತಿದ್ದಾಳೆ!"

ಭಾವನ ಮುಖ ಅರಳಿತು. "ಕೆಳಗ ಕೇಳಿಸ್ತೇನು? ಸ್ಪಷ್ಟ ಕೇಳಿಸ್ತೇನು?"

ಇಷ್ಟಾದ ಮೇಲೆ ಸುಮ್ಮನಾಗುವ ಜೀವವೇ ಅದು? ಹ್ಯೂಸ್ಟನ್ನಿನಲ್ಲಿ, ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯೊಂದರಲ್ಲಿ, ಅವರ ಹುಬ್ಬಳ್ಳಿಯ ಗೆಳೆಯರೊಬ್ಬರು ಕೆಲಸ ಮಾಡುತ್ತಾರೆ. ಭಾವ ಫೋನಿನಲ್ಲೇ ಉಪದೇಶ ಮಾಡಿ ಅವರಿಗೂ ಲಿನಕ್ಸ್ ದೀಕ್ಷೆ ಕೊಟ್ಟರು. ದೀಕ್ಷೆಯಾದ ಗಳಿಗೆಯಿಂದ ಆ ಮನೆಯ ಕಂಪ್ಯೂಟರೂ ಮಾತು ನಿಲ್ಲಿಸಿತು. ಶಿಷ್ಯನನ್ನು ನಡುನೀರಿನಲ್ಲಿ ಬಿಡಲಾದೀತೇ? ಶನಿವಾರ ಬೆಳಗ್ಗೆ ಭಾವ ನನ್ನನ್ನೂ ಎಳೆದುಕೊಂಡು ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದರು.

ಆ ಮನೆಯಾಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಕಾಯುತ್ತಿದ್ದರು. ಭಾವ ಮಾತ್ರ ಮೇಜಿನ ಕೆಳಗೆ ನುಸುಳಿ ಊಟವನ್ನೂ ಅಲ್ಲಿಗೇ ತರಿಸಿಕೊಂಡರು. "ಮೊದಲ ಬರ್ತಿತ್ರಿ ಸದ್ದು" ಎಂದು ಆಕೆ ಮೆಲ್ಲಗೆ ಹೇಳಿದರೆ, "ಮೊದಲ ಬರ್ತಿತ್ತು, ಆದ್ರ ಹೆಂಗ ಬರ್ತಿತ್ತು ಅಂತ ನಿಮಗ ಗೊತ್ತಿತ್ತೇನ್ರಿ?" ಎಂದು ಮೇಜಿನ ಕೆಳಗಿನಿಂದ ಉತ್ತರ ಬಂತು. ಪಾಪ, ಆಕೆ ಬಗ್ಗಿ ಮೇಜಿನ ಕೆಳಗೆ ಇನ್ನೊಂದು ರೊಟ್ಟಿ ಬಡಿಸಿದರು.

ಸಂಜೆಯ ಹೊತ್ತಿಗೆ ಸದ್ದು ಬಂತು. ಭಾವ ಗೆದ್ದವರಂತೆ ಎದೆಯುಬ್ಬಿಸಿಕೊಂಡು ಹೊರಟರು. ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ನಾನು. ಅರ್ಧ ದಾರಿಯಲ್ಲಿ ಪೆಟ್ರೋಲಿಗೆಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಗೆಳೆಯರ ಫೋನು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದರಂತೆ, ಸದ್ದು ಮತ್ತೆ ಮಾಯ!

"ತಿರುಗಿಸೋ ಗಾಡಿ" ಎಂದರು ಭಾವ ನನಗೆ.

ಅತ್ತ ಕಡೆಯಿಂದ ಗೆಳೆಯರು ಕೂಗಿಕೊಂಡರು. "ಬ್ಯಾಡೋ ಮಾರಾಯ, ಬರಬ್ಯಾಡ! ಹುಡುಗ್ರ ಗೇಮಿನ ಗುಂಡಿನ ಸದ್ದೆಲ್ಲ ನಿಂತದ. ನನ್ನ ಹೆಂಡ್ತಿ ಭಾಳ ಖುಷಿ ಅದಾಳ. ಹಂಗ ಇರ್ಲಿ ಬಿಡು!"

ಡಲ್ಲಾಸ್ ತಲುಪುವವರೆಗೂ ಭಾವ ಕಾರಿನ ರೇಡಿಯೋದ ಸದ್ದನ್ನು ಏರಿಸುತ್ತಾ ಇಳಿಸುತ್ತಾ ಕೂತರು.

ಹೀಗೆ ನಗುತ್ತಾ ನಡೆದಿದ್ದ ಮನೆಯಲ್ಲಿ, ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅಕ್ಕ ಹಾಸಿಗೆಯಿಂದ ಏಳುವಾಗ ಅವಳ ಬಲಗಿವಿ ಕೇಳಿಸುತ್ತಿರಲಿಲ್ಲ. ನೆಗಡಿಯಿರಬೇಕೆಂದು ಮೊದಲು ಅಂದುಕೊಂಡೆವು. ಡಾಕ್ಟರು ಔಷಧಿ ಕೊಟ್ಟರು, ಚುಚ್ಚುಮದ್ದು ಕೊಟ್ಟರು, ಕಾಯಲು ಹೇಳಿದರು. ಕಾದದ್ದಾಯಿತು. ಕಿವಿ ಮರಳಲಿಲ್ಲ. ಎಡಗಿವಿಯೂ ಮೊದಲಿನ ಚುರುಕಿನಲ್ಲಿರಲಿಲ್ಲ. ಮೇಲಿನ ಸ್ಥಾಯಿಯ ಸ್ವರಗಳು ಮಸುಕಾಗಿ ಕೇಳಿಸುತ್ತಿದ್ದವು.

ಬೇರೆಯವರಾಗಿದ್ದರೆ ಹೇಗೋ ನಡೆಯುತ್ತಿತ್ತು. ಅಕ್ಕ ಸಂಗೀತದ ಮೇಡಂ. ಮೈಸೂರಿನಲ್ಲಿ ಕಲಿತದ್ದನ್ನು ಇಲ್ಲಿನ ಮಕ್ಕಳಿಗೆ ಹೇಳಿಕೊಡುತ್ತಾ ಬಂದವಳು. ಹತ್ತಿರದವರು ಮನೆಗೆ ಬರುತ್ತಿದ್ದರು, ದೂರದವರಿಗೆ ತನ್ನ ಲ್ಯಾಪ್‌ಟಾಪಿನಲ್ಲಿ ಪಾಠ. ಈಗ ಹೆಡ್‌ಫೋನ್ ಹಾಕಿಕೊಂಡರೆ ಹಾಡಿನಲ್ಲಿ ಮೃದಂಗ ಕೇಳುತ್ತದೆ, ಪಿಟೀಲು ಬಲಗಡೆಯಲ್ಲೆಲ್ಲೋ ಕಳೆದುಹೋಗುತ್ತದೆ. ಕಿವಿಯ ಯಂತ್ರ ಹಾಕಿಕೊಂಡರೆ ಎಲ್ಲವೂ ತಗಡು ಬಡಿದಂತೆ. ಒಂದು ದಿನ ಅವಳು ಎಲ್ಲ ತಂದೆತಾಯಂದಿರಿಗೂ ಫೋನ್ ಮಾಡಿ ತರಗತಿ ನಿಲ್ಲಿಸಿಬಿಟ್ಟಳು.

"ಮಕ್ಕಳು ಅಪಸ್ವರ ಹಾಡಿದ್ರೂ ನಂಗೆ ಗೊತ್ತಾಗಲ್ಲ ಕಣೋ. 'ಚೆನ್ನಾಗಿದೆ' ಅಂತ ಸುಳ್ಳು ಹೇಳ್ಕೊಂಡು ಎಷ್ಟು ದಿನ ಕೂರ್ಲಿ?" ಎಂದಳು ನನಗೆ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಬಟ್ಟೆ ಮಡಚುತ್ತಾ ಹೇಳಿದಳು.

ಅಂದಿನಿಂದ ಭಾವ ಸಂಜೆ ಆಫೀಸಿನಿಂದ ಬಂದವರೇ ಅಕ್ಕನನ್ನು ಮಹಡಿಯ ಕೋಣೆಗೆ ಕರೆದೊಯ್ದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಲು ಶುರುಮಾಡಿದರು. ತಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಹೆಡ್‌ಫೋನಿನ ಎರಡೂ ಬದಿಯ ಸದ್ದನ್ನು ಒಂದಾಗಿ ಕಲೆಸಿ ಎಡಗಿವಿಗೇ ಕಳಿಸಿದರು. ರಜೆಗೆ ಬಂದಿದ್ದ ಮಗಳು ನೋಡಿ, ಅದು ತನ್ನ ಫೋನಿನಲ್ಲೂ ಇದೆಯೆಂದು ತೋರಿಸಿದಳು. ಭಾವ ತಲೆಯಾಡಿಸಿದರು. "ಇರ್ತದವ್ವಾ. ಆದ್ರ ಅದು ಊರಿಗೆಲ್ಲಾ ಹೊಲಿದಿಟ್ಟ ಅಂಗಿ. ನಿಮ್ಮವ್ವನ ಅಳತಿಗೆ ನಾ ಹೊಲೀಲಿಕ್ಕತ್ತೇನಿ."

ನಿಜಕ್ಕೂ ಅಳತೆ ತೆಗೆದರು. ಒಂದೊಂದೇ ಸ್ವರ ನುಡಿಸುವುದು, "ಈಗ?" ಎನ್ನುವುದು. ಅಕ್ಕ "ಇಲ್ಲ" ಎಂದರೆ ಅದನ್ನೊಂದಿಷ್ಟು ಏರಿಸುವುದು. "ಕರ್ಕಶ" ಎಂದರೆ ಇಳಿಸುವುದು. ಇಲ್ಲ, ಕರ್ಕಶ, ಇಲ್ಲ, ಪರವಾಗಿಲ್ಲ. ಸಂಗೀತವೆಂದರೆ ಆಕಳಿಸುತ್ತಿದ್ದ ಮನುಷ್ಯ ನಿಷಾದಕ್ಕೂ ಧೈವತಕ್ಕೂ ಏನು ವ್ಯತ್ಯಾಸವೆಂದು ಹೆಂಡತಿಯನ್ನು ಕೇಳಿ ಕೇಳಿ ಕಲಿತರು. ಬೇಸತ್ತು ಅಕ್ಕ ಎದ್ದುಹೋದದ್ದೂ ಉಂಟು. ಮರುದಿನ ಸಂಜೆ ಭಾವ ಕಾಫಿ ಮಾಡಿಕೊಂಡು ಹೋಗಿ ಮತ್ತೆ ಕರೆದರು.

ನಾನು ಹೋದ ಒಂದು ಭಾನುವಾರ ಆಸ್ಟಿನ್ನಿನಿಂದ ಅಕ್ಕನ ಹಳೆಯ ಶಿಷ್ಯೆಯೊಬ್ಬಳು ಪರದೆಯ ಮೇಲಿದ್ದಳು. ಭಾವನೇ ಅವಳ ತಾಯಿಯನ್ನು ಕೇಳಿಕೊಂಡು ಕೂರಿಸಿದ್ದರು. ಅಕ್ಕ ಒಲ್ಲದ ಮನಸ್ಸಿನಿಂದಲೇ ಹೆಡ್‌ಫೋನ್ ಹಾಕಿಕೊಂಡಳು. ನಾವಿಬ್ಬರೂ ಬಾಗಿಲ ಬಳಿ ನಿಂತೆವು. ನಮಗೆ ಹುಡುಗಿಯ ಹಾಡು ಕೇಳಿಸುತ್ತಿರಲಿಲ್ಲ. ಅಕ್ಕನ ಮುಖ ಮಾತ್ರ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿದ್ದಳು. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಬೆರಳು ನಿಂತಿತು, ಹುಬ್ಬು ಗಂಟಿಕ್ಕಿತು.

"ಏಯ್, ಗಾಂಧಾರ ಇಳೀತಲ್ಲ ಪುಟ್ಟಿ! ಪ್ರಾಕ್ಟೀಸ್ ಮಾಡೇ ಇಲ್ಲ ನೀನು. ಮತ್ತೆ ಹಾಡು, ಮೊದಲಿಂದ."

ಭಾವ ನನ್ನ ತೋಳು ಹಿಡಿದು ಹೊರಗೆ ಕರೆತಂದು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ತಪ್ಪು ಹಾಡಿದ್ಲೋ ಆ ಹುಡುಗಿ" ಎಂದರು. "ಭಾಳ ಚಲೋ ಆತು."