ಬನ್ನು ನೋಡಿ ಅಳಿಯನ್ನ ತಗೋ

ಬ್ಯಾಂಕಿನವರಿಗೆ ವರ್ಗಾವಣಿ ಆತಂದ್ರ ಪಗಾರದ ಜೊತಿ ಫಜೀತೀನೂ ತಿಂಗಳಾ ತಪ್ಪದ ಬರ್ತದ. ನಾನು ಬಾಗಲಕೋಟಿ ಬಿಟ್ಟು ಮಹಾರಾಷ್ಟ್ರದ ಸಂಭಾಜಿನಗರಕ್ಕ ಬಂದ ಮ್ಯಾಲೆ ಒಂದು ತಿಂಗಳೂ ಖಾಲಿ ಹೋಗಿಲ್ಲ. ಈ ಸಲದ ಫಜೀತಿ ಬರ್ಗರಿನ ರೂಪದಾಗ ಬಂತು.

ನನ್ನ ಅಕ್ಕನ ಮಗಳು ನಾಶಿಕ್‌ನಾಗ, ಅಂಬಡ ಅನ್ನೋ ಭಾಗದ ಒಂದು ಕಾರ್ಖಾನ್ಯಾಗ ಇಂಜಿನಿಯರ್. ಒಂದಿನ ಫೋನ್ ಮಾಡಿ, "ಮಾಮಾ, ಒಬ್ಬ ಹುಡುಗ ಅದಾನ" ಅಂದ್ಲು.

"ಮರಾಠಿಯಾಂವೇನು?"

"ಹೂಂ. ಬರ್ಗರ್ ಅಂಗಡಿ ಮ್ಯಾನೇಜರ್. ಅವ್ವಗ ನೀನ ಹೇಳಬೇಕು."

ಅಕ್ಕಗ ಹೇಳಿದೆ. ಮರಾಠಿ ಅಂದಾಗ ಆಕಿ ಏನೂ ಅನ್ಲಿಲ್ಲ. ನಮ್ಮಜ್ಜೀನೂ ಸೊಲ್ಲಾಪುರದಾಕಿನ. ಬರ್ಗರ್ ಅಂದಾಗ ತಡದ್ಲು.

"ಅದೇನೋ?"

"ಬನ್ನಿನ ನಡುವ ಬಟಾಟಿ ಟಿಕ್ಕಿ."

"ಅಷ್ಟು ಮಾರ್ಲಿಕ್ಕೆ ಮ್ಯಾನೇಜರ್ ಬೇಕಾ?"

ಅದು ದೊಡ್ಡ ಕಂಪನಿ, ಊರೂರಿಗೆ ಅಂಗಡಿ ಅದಾವ, ಅದಕ್ಕ ಅಷ್ಟ ದೊಡ್ಡದೊಂದು ಎದುರಾಳಿ ಕಂಪನೀನೂ ಅದ ಅಂತ ತಿಳಿಸಿ ಹೇಳಿದೆ. ಹೇಳಬಾರದಿತ್ತು.

"ಹಂಗಾದ್ರ ನಾ ಬರ್ತೇನಿ" ಅಂದ್ಲು. "ಎರಡೂ ಕಂಪನೀದು ತಿಂದು ನೋಡ್ತೇನಿ. ತಾಯಿ ನೋಡಿ ಮಗಳ್ನ ತಗೋ ಅಂತಾರ. ಇಲ್ಲಿ ಬನ್ನು ನೋಡಿ ಅಳಿಯನ್ನ ತಗೋಬೇಕಾಗೇದ. ಅವನ ಬರ್ಗರ್ ಎರಡನೇ ನಂಬರ್ ಬಂತೋ, ನನ್ನ ಮಗಳ್ನ ಕೊಡಂಗಿಲ್ಲ."

ಸುದ್ದಿ ಕೇಳಿ ಮಗಳು ಅಳೋ ಧ್ವನಿ ಮಾಡಿದ್ಲು. "ಮಾಮಾ, ಮುಗೀತು. ಅವನ ಬರ್ಗರ್ ಅಷ್ಟೇನ ಚಲೋ ಇರಂಗಿಲ್ಲ."

"ನೀ ತಿಂದು ನೋಡೀಯೇನು?"

"ದಿನಾ ತಿಂತೇನಿ. ಇಲ್ಲಾಂದ್ರ ಅವನ್ನ ಹೆಂಗ ಭೆಟ್ಟಿ ಆಗ್ಲಿ?"

ಫೋಟೋ

ಅಕ್ಕ ಬಂದ ಮರುದಿನಾನ ಪರೀಕ್ಷಾ ಶುರು. ಮೊದಲ ಸಂಭಾಜಿನಗರದಾಗಿನ ಎದುರಾಳಿ ಕಂಪನಿ ಅಂಗಡಿಗೆ ಹೋದ್ವಿ.

ಬರ್ಗರ್ ಬಂತು. ಅಕ್ಕ ಕೂಡ್ಲೇ ತಿನ್ನಲಿಲ್ಲ. ಮ್ಯಾಲಿನ ಬನ್ನು ಎತ್ತಿ, ಸೀರಿ ಅಂಗಡ್ಯಾಗ ಸೆರಗು ತಿರುವಿ ನೋಡಿದಂಗ ಒಳಗ ನೋಡಿದ್ಲು. ಆಮ್ಯಾಲೆ ಗೋಡಿ ಮ್ಯಾಲಿನ ಫೋಟೋ ನೋಡಿದ್ಲು. ಅಲ್ಲಿ ಬರ್ಗರ್ ಗೇಣುದ್ದ ಎದ್ದು ನಿಂತಿತ್ತು. ಹಸರು ಎಲಿ, ಕೆಂಪು ಟೊಮ್ಯಾಟೊ, ಎಲ್ಲಾದರ ಮ್ಯಾಲೂ ಮಂಜಿನ ಹನಿ. ಕೈಯಾಗಿಂದು ಬಸ್ಸಿನಾಗ ಯಾರೋ ಮ್ಯಾಲೆ ಕೂತು ಎದ್ದಂಗ ಇತ್ತು.

ಕೌಂಟರಿನಾಕಿ ನಕ್ಕೋತ, "ಕಾಯ್ ಝಾಲಂ, ಕಾಕೂ?" ಅಂತ ಕೇಳಿದ್ಲು. ಏನಾತು ಕಾಕೂ ಅಂತ.

ಅಕ್ಕ ನನ್ನ ಕಡೆ ತಿರುಗಿ ಅಂದ್ಲು, "ಏನಿಲ್ಲ ಅಂತ ಹೇಳಪಾ. ನಮಗಿದು ರೂಢಿ ಅದ. ಫೋಟೋ ಕಳಿಸಿದಾಂವ ಬ್ಯಾರೆ, ಮನಿಗೆ ಬಂದಾಂವ ಬ್ಯಾರೆ. ನಿಮ್ಮ ಭಾವನೂ ಹಂಗ ಬಂದಿದ್ರು."

ಕನ್ನಡದ ಅಭಿಮಾನ

ಅವತ್ತ ಸಂಜೀಕ ಹುಡುಗನ ಕಂಪನಿ ಅಂಗಡಿಗೆ ಹೋದ್ವಿ. ಅದೂ ಸಂಭಾಜಿನಗರದಾಗಿಂದು. ನಾವಿಬ್ಬರೂ ಸಾಲಿನಾಗ ನಿಂತು ಮಾತಾಡೋದು ಕೇಳಿ ಕೌಂಟರಿನಾಂವ, ನೀವು ಎಲ್ಲಿಯವರು ಅಂತ ಮರಾಠ್ಯಾಗ ಕೇಳಿದ.

ಅಕ್ಕಗ ಅಷ್ಟು ಮರಾಠಿ ತಿಳೀತದ. ಎದಿ ಉಬ್ಬಿಸಿ, "ಆಮ್ಹಿ ಕನ್ನಡ!" ಅಂದ್ಲು.

ಅವನ ಮಾರಿ ಅರಳಿತು. "ಕನ್ನಡ ಕಾ! ನಮ್ಮ ಸೋದರಮಾವನ ಊರು!"

ಇಲ್ಲೇ ಹತ್ತಿರದಾಗ ಕನ್ನಡ ಅಂತ ಒಂದು ತಾಲೂಕಿನ ಊರದ. ಅಂವ ಅದನ್ನ ತಿಳಕೊಂಡ. ಈ ವರ್ಷ ಗೋವಿನಜೋಳ ಹೆಂಗದ ಅಂತ ಕೇಳಿದ. ನಮ್ಮ ಕಡೇನೂ ಗೋವಿನಜೋಳ ಬೆಳೀತಾರ. ಅಕ್ಕ, "ಚಾಂಗಲಾ ಆಹೆ" ಅಂದ್ಲು, ಚಲೋ ಅದ ಅಂತ. ಮಳಿ? ಅದೂ ಚಾಂಗಲಾ. ಬಸ್ಸು? ಬಸ್ಸು ಬರೇ ಗದ್ದಲ. ಎಲ್ಲಾ ಸರಿ ಹೊಂದಿತು. ಅಂವ ಊರವರು ಅಂತ ಸಾಸಿನ ಪುಡಿಕಿ ಮುಷ್ಟಿ ತುಂಬ ಕೊಟ್ಟ.

ಅಕ್ಕ ಕಣ್ಣಂಚು ಒರಿಸಿಕೊಂಡು, "ಮಹಾರಾಷ್ಟ್ರದಾಗ ಕನ್ನಡದ ಮ್ಯಾಲೆ ಎಷ್ಟು ಜೀವ ನೋಡೋ! ಈ ಕಂಪನಿಗೆ ನನ್ನ ಮಾರ್ಕ್ಸು" ಅಂದ್ಲು.

ಅಭಿಮಾನ ನೂರಾರು ಮೈಲಿ ತಪ್ಪಿತ್ತು. ಆದ್ರ ಮಗಳ ಮದಿವಿ ಪ್ರಶ್ನೆ. ನಾ ಸುಮ್ಮನ ಸಾಸು ಕಿಸೆಕ್ಕ ಹಾಕೊಂಡೆ.

ಸಂಸ್ಕಾರ

ನನ್ನ ಹೆಂಡ್ತಿಗೆ ಈ ಪದ್ಧತಿ ಸರಿ ಅನಸ್ಲಿಲ್ಲ. "ಒಂದು ಮುಂಜಾನೆ, ಒಂದು ಸಂಜಿಗೆ ತಿಂದ್ರ ಹೆಂಗ್ರಿ ತಿಳೀತದ? ಎರಡೂ ಪಾರ್ಸಲ್ ತರ್ರಿ, ಬಾಜೂಬಾಜೂ ಇಟ್ಟು ನೋಡೋಣು."

ತಂದೆ. ಕೈಕಾಲು ತೊಳಕೊಂಡು ಬರೂದ್ರಾಗ ಹೆಂಡ್ತಿ ಎಲ್ಲಾ ಕಾಗದ ಬಿಚ್ಚಿ, ಸ್ಟೀಲಿನ ತಾಟಿನಾಗ ಹಚ್ಚಿ, ಬಾಜೂಕ ಉಪ್ಪಿನಕಾಯಿ ಬಡಿಸಿ ಇಟ್ಟಿದ್ಲು.

"ಯಾವುದು ಯಾವ ಕಂಪನೀದು?" ಅಂದೆ.

"ನನಗೇನು ಗೊತ್ತು? ಮಂದೀಗೆ ಕಾಗದದಾಗ ತಿನ್ನಾಕ ಕೊಡೋದು ಸಂಸ್ಕಾರ ಏನ್ರಿ?"

ಅಕ್ಕ ಎರಡನ್ನೂ ತಿಂದ್ಲು. ಕಣ್ಣು ಮುಚ್ಚಿ ಇನ್ನೊಮ್ಮೆ ತಿಂದ್ಲು. ನಾವು ಕೋರ್ಟಿನಾಗ ನಿಂತಂಗ ನಿಂತಿದ್ವಿ. ಕಡೀಕ ತೀರ್ಪು ಬಂತು:

"ಉಪ್ಪಿನಕಾಯಿ ಚಲೋ ಅದ."

ನಾಶಿಕ್

ಇನ್ನ ಹುಡುಗನ ಅಂಗಡಿಗೇ ಹೋಗೋದು ಅಂತ ಆತು. ಅಕ್ಕ ಇಬ್ಬರಿಗೂ ತಾಕೀತು ಮಾಡಿದ್ಲು. ಮಗಳಿಗೆ, "ನೀ ಖೋಲ್ಯಾಗ ಕೂಡು. ಅವಂಗ ಸುದ್ದಿ ಮುಟ್ಟಸಬ್ಯಾಡ." ನನಗ, "ನೀ ಬಾಯಿ ತಗೀಬ್ಯಾಡ. ಪರೀಕ್ಷಾದಾಗ ಕಾಪಿ ಕೊಡೋ ಚಟ ನಿನಗ ಸಾಲಿಯಿಂದಾನೂ ಅದ."

ಕೌಂಟರಿನಾಗ ಹುಡುಗನ ನಿಂತಿದ್ದ. ತಲಿ ಮ್ಯಾಲೆ ಟೊಪಗಿ, ಮಾರಿ ಮ್ಯಾಲೆ ಬೆವರು. ನಮ್ಮನ್ನ ಅಂವ ಎಂದೂ ನೋಡಿದ್ದಿಲ್ಲ, ನಾವು ಅವನ ಫೋಟೋ ಮಗಳ ಫೋನಿನಾಗ ನೋಡಿದ್ವಿ. ಅಕ್ಕ ಬೆರಳಿಲೆ ಒಂದು ಬರ್ಗರ್ ತೋರಿಸಿದ್ಲು. ಅಂವ ನಕ್ಕೋತ, "ಸಾಥ್ ಮೆ ಕಾಂಬೋ ದೂಂ, ಮ್ಯಾಡಮ್?" ಅಂದ. ಜೊತಿಗೆ ಕಾಂಬೋ ಕೊಡ್ಲೇನು ಅಂತ.

"ಬ್ಯಾಡ."

ಹುಡುಗನ ನಗಿ ಅರ್ಧಕ್ಕ ನಿಂತಿತು. "ಫ್ರೈಸ್?"

"ಬ್ಯಾಡ."

"ಕೋಲ್ಡ್ ಡ್ರಿಂಕ್?"

"ಅಯ್ಯ, ಬ್ಯಾಡ ಬ್ಯಾಡ!"

ನಮ್ಮ ಕಡೆ ಬೇಡ ಅನ್ನೋದಕ್ಕ ಬ್ಯಾಡ ಅಂತೇವಿ. ಅವನ ಕಿವಿಗೆ ಅದು ಇಂಗ್ಲಿಷಾಗಿ ಬಿತ್ತು. ತಿನ್ನೂಕಿಂತ ಮೊದಲ ಎಲ್ಲಾ ವಿಷಯದಾಗ ಫೇಲ್. ನಾ ಬಾಯಿ ತಗೀಯಂಗಿಲ್ಲ.

ಅಂವ ಬರ್ಗರಿನ ಜೊತಿ ಒಂದು ತಾಟು ಬಿಸಿ ಫ್ರೈಸ್ ತಾನ ಹೊತ್ತು ತಂದು ಕೈ ಮುಗದ. "ಏಕ್ ಬಾರ್ ಚಖ್ ಕೆ ದೇಖಿಯೇ, ಮ್ಯಾಡಮ್. ಫ್ರೀ." ಒಮ್ಮೆ ರುಚಿ ನೋಡ್ರಿ ಅಂತ.

ಭಾವಿ ಅಳಿಯ ಕೈ ಮುಗದ ಅಂತ ಅಕ್ಕ ಮರ್ಯಾದಿ ಏರಿಸಿದ್ಲು. "ಬ್ಯಾಡ್ರೀ! ಬ್ಯಾಡ್ರೀ!"

ಹುಡುಗ ಗಾಬರಿಯಾಗಿ ಅಡಗಿಮನಿ ಕಡೆ ಒದರಿದ: "ಬದ್ರೀ! ಬಾಹರ್ ಆ!"

ಒಳಗಿಂದ ಒಬ್ಬ ಸಣಕಲ ಅಡಗಿಯಾಂವ ಕೈಯಾಗ ಸಟ್ಟುಗ ಹಿಡಕೊಂಡ ಬಂದ. ಹೆಸರು ಬದ್ರಿ. "ಮೈಂನೆ ಕ್ಯಾ ಕಿಯಾ, ಮಾತಾಜಿ?" ಅಂದ, ನಾ ಏನು ಮಾಡಿದೆ ಅಂತ. ಹಿಂದ ಸಾಲಿನಾಗ ನಿಂತಿದ್ದ ಮಂದಿ ಮೆಲ್ಲಕ ಜಾರಿಕೊಂಡ್ರು.

ಹುಡುಗ ಬದ್ರೀನ ತನ್ನ ಬೆನ್ನ ಹಿಂದ ನಿಲ್ಲಿಸಿಕೊಂಡ. "ಮ್ಯಾಡಮ್, ಕಂಪ್ಲೇಂಟ್ ಮೇರೆ ನಾಮ್ ಸೆ ಕೀಜಿಯೇ. ಇಸಕೆ ನಹೀ. ಯೆ ನಯಾ ಹೈ."

"ಏನಂತಾನೋ?" ಅಂತ ಅಕ್ಕ ಕೇಳಿದ್ಲು. ಕಡೀಕ ನನಗ ಬಾಯಿ ತಗಿಯೋ ಪರವಾನಗಿ ಸಿಕ್ತು.

"ತಪ್ಪು ಏನಿದ್ರೂ ನನ್ನ ತಲಿ ಮ್ಯಾಲೆ ಹಾಕ್ರಿ, ಈ ಬಡವನ ಮ್ಯಾಲೆ ಹಾಕಬ್ಯಾಡ್ರಿ ಅಂತಾನ."

ಅಕ್ಕ ಬರ್ಗರ್ ಕಚ್ಚಿದ್ಲು. ಸಾವಕಾಶ ಅಗದು ನುಂಗಿದ್ಲು. "ಬರ್ಗರ್ ಎರಡನೇ ನಂಬರ್" ಅಂದ್ಲು.

"ಆದ್ರ ಹುಡುಗ ಒಂದನೇ ನಂಬರ್. ಇಷ್ಟು ವರ್ಷದ ಸಂಸಾರದಾಗ ನಿಮ್ಮ ಭಾವ ಒಂದ ಒಂದು ತಪ್ಪು ತನ್ನದು ಅಂತ ಒಪ್ಪಿಲ್ಲ. ಈಂವ ಮಾಡದ ತಪ್ಪೂ ಒಪ್ಪತಾನ. ಮಗಳಿಗೆ ಇದಕ್ಕಿಂತ ಇನ್ನೇನು ಬೇಕು?"

ಈಕಿ ಯಾರು ಅಂತ ನಾ ಹುಡುಗಗ ಹೇಳಿದೆ. ಅಂವ ಕೌಂಟರ್ ಸುತ್ತಿ ಬಂದು ಅಕ್ಕನ ಕಾಲಿಗೆ ಬಿದ್ದ. ಬದ್ರಿಗೆ ಏನೂ ತಿಳೀಲಿಲ್ಲ. ಸುರಕ್ಷಿತ ಇರ್ಲಿ ಅಂತ ಅಂವನೂ ಬಿದ್ದ.

ಅಷ್ಟರಾಗ ನನ್ನ ಫೋನ್ ಬಡೀತು. ಖೋಲ್ಯಾಗ ಕುಂತ ಮಗಳಿಗೆ ತಡಕೊಳ್ಳಾಕ ಆಗಿರ್ಲಿಲ್ಲ. ಎಲ್ಲಾರಿಗೂ ಕೇಳ್ಲಿ ಅಂತ ಸ್ಪೀಕರ್ ಹಚ್ಚಿದೆ.

"ಮಾಮಾ, ಅವ್ವ ಏನಂದ್ಲು?"

ಅದ ಹೊತ್ತಿಗೆ ಬದ್ರಿ, ಜೀವ ಉಳೀತು ಅನ್ನೋ ಖುಷೀಲೆ, ಇನ್ನೊಂದು ಬರ್ಗರ್ ತಂದು ಅಕ್ಕನ ಮುಂದ ಹಿಡದ. ಅಕ್ಕ ಎರಡೂ ಕೈ ಅಡ್ಡ ಮಾಡಿ ಗಟ್ಟಿಯಾಗಿ ಅಂದ್ಲು:

"ಬ್ಯಾಡಪಾ, ಬ್ಯಾಡ!"

ಈ ಕಡೆ ಬದ್ರಿ ಬರ್ಗರ್ ತಗೊಂಡು ಒಳಗ ಓಡಿದ. ಆ ಕಡೆ ಮಗಳು ಹೋ ಅಂತ ಅಳ್ಲಿಕ್ಕೆ ಶುರು ಮಾಡಿದ್ಲು. ಅಕ್ಕ ನನ್ನ ಕೈಯಾಗಿನ ಫೋನ್ ಕಸಗೊಂಡು ಒದರಿದ್ಲು: "ಏ ಹುಚ್ಚಿ, ಅಳಬ್ಯಾಡ! ಅಳಬ್ಯಾಡ!"

ಹುಡುಗ ನನ್ನ ತೋಳು ಹಿಡಕೊಂಡು ಮೆಲ್ಲಕ ಕೇಳಿದ:

"ಮಾಮಾ, ಅಬ್ ಔರ್ ಕ್ಯಾ ಬ್ಯಾಡ್ ಹೈ?"